ಅಂಗೈಯಗಲದ ಡಿಜಿಟಲ್ ರೇಡಿಯೊ: ಹತ್ತು ದಿನ ಕೇಳಿದ ಮೇಲೆ

ತರಂಗಪ್ರಿಯ

ಹತ್ತು ದಿನಗಳ ಹಿಂದೆ ಅಂಗೈಯಗಲದ ಡಿಜಿಟಲ್ ರೇಡಿಯೊ ಒಂದನ್ನು ಕೊಂಡೆ. ಡಿಎಬಿ ಎಂಬ ಡಿಜಿಟಲ್ ಪ್ರಸಾರ, ಅದರ ಸುಧಾರಿತ ರೂಪವಾದ ಡಿಎಬಿ ಪ್ಲಸ್, ಹಳೆಯ ಎಫ್‌ಎಂ ಮೂರನ್ನೂ ಹಿಡಿಯುತ್ತದೆ. ಮುಳ್ಳು ತಿರುಗಿಸುತ್ತಲೇ ಬೆಳೆದವನು ನಾನು. ಯಾವ ಕೇಂದ್ರ ಎಲ್ಲಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಿರುತ್ತಿತ್ತು. ಹಾಗಾಗಿ ಹೊಸ ಸೆಟ್ ಕೈಗೆ ಬಂದಾಗ ಕುತೂಹಲದಷ್ಟೇ ಅಳುಕೂ ಇತ್ತು.

ಗುಂಡಿ ಒತ್ತಿದ ಕೂಡಲೇ ಅದು ತಾನಾಗಿಯೇ ಹುಡುಕಾಟ ಆರಂಭಿಸಿತು. ಪರದೆಯ ಮೇಲೆ ಸಣ್ಣ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತಾ ಹೋಯಿತು, ಪಕ್ಕದಲ್ಲಿ ಸಿಕ್ಕ ಕೇಂದ್ರಗಳ ಲೆಕ್ಕ. ಎರಡು ನಿಮಿಷದೊಳಗೆ ಲೆಕ್ಕ 43ಕ್ಕೆ ಬಂದು ನಿಂತಿತು. ಅದೇ ಕೋಣೆಯಲ್ಲಿ ಎಫ್‌ಎಂನಲ್ಲಿ ನನಗೆ ಸ್ವಚ್ಛವಾಗಿ ಕೇಳುತ್ತಿದ್ದದ್ದು ಒಂಬತ್ತೇ ಕೇಂದ್ರಗಳು. ಕಂಪನಾಂಕ ನೆನಪಿಡುವ ಕೆಲಸವೇ ಇಲ್ಲ. ಕೇಂದ್ರಗಳ ಹೆಸರುಗಳು ಸಾಲಾಗಿ ನಿಂತಿವೆ, ಬೇಕಾದುದರ ಮೇಲೆ ಒತ್ತಿದರೆ ಆಯಿತು. ಹಾಡು ನಡೆಯುತ್ತಿರುವಾಗ ಹಾಡಿದವರ ಹೆಸರು ಕೆಳಗೆ ಹರಿದು ಹೋಗುತ್ತದೆ. ಎಷ್ಟೋ ವರ್ಷ "ಇದು ಯಾರ ದನಿ?" ಎಂದು ತಲೆ ಕೆಡಿಸಿಕೊಂಡು ಕುಳಿತವನಿಗೆ ಆ ಒಂದು ಸಾಲು ಎಂಥ ಸಮಾಧಾನ ಕೊಟ್ಟಿತು ಎಂದು ಹೇಳಲಾರೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ಕೂರಿಸಿದ್ದು ನಿಶ್ಶಬ್ದ. ಕೊಳಲು ವಾದನವೊಂದರ ಎರಡು ಸ್ವರಗಳ ನಡುವೆ ಏನೇನೂ ಇರಲಿಲ್ಲ. ಗರಗರ ಇಲ್ಲ, ಸೊಂಯ್ ಎನ್ನುವ ಸದ್ದಿಲ್ಲ. ವಾದಕರು ಉಸಿರೆಳೆದುಕೊಂಡದ್ದು ಮಾತ್ರ ಕೇಳಿತು. ರೇಡಿಯೊದಲ್ಲಿ ಉಸಿರು ಕೇಳಿದ್ದು ನನಗೆ ಅದೇ ಮೊದಲು.

ಅದೇ ರಾತ್ರಿ ಆ ನಿಶ್ಶಬ್ದವೇ ಹೆದರಿಸಿತು. ವಾರ್ತೆ ಕೇಳುತ್ತಾ ಸೆಟ್ ಹಿಡಿದು ಕಿಟಕಿಯಿಂದ ಹಾಸಿಗೆಯ ಕಡೆಗೆ ನಡೆದೆ. ಅರ್ಧ ವಾಕ್ಯದಲ್ಲಿ ದನಿ ನಿಂತುಹೋಯಿತು. ಎಫ್‌ಎಂ ಆಗಿದ್ದರೆ ಮೊದಲು ಸ್ವಲ್ಪ ಗರಗರ, ಆಮೇಲೆ ಹೆಚ್ಚು ಗರಗರ, ಅದರ ನಡುವೆಯೂ ಮಾತು ಅರ್ಥವಾಗುತ್ತಿತ್ತು. ಇಲ್ಲಿ ಯಾವ ಮುನ್ಸೂಚನೆಯೂ ಇಲ್ಲ. ಸೆಟ್ಟೇ ಕೆಟ್ಟಿತೇನೋ ಎಂದುಕೊಂಡು ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಕಿಟಕಿಯ ಬಳಿ ಬಂದರೆ ಏನೂ ಆಗಿಲ್ಲವೆಂಬಂತೆ ವಾರ್ತೆ ಮುಂದುವರಿದಿತ್ತು.

ಈಗ ನನ್ನ ಪ್ರಶ್ನೆಗಳು. ಹಾಸಿಗೆಯ ಪಕ್ಕದಲ್ಲಿ ಒಂದಷ್ಟು ಕೇಂದ್ರಗಳು ಮಾತ್ರ ಒಟ್ಟೊಟ್ಟಿಗೆ ಮಾಯವಾಗುತ್ತವೆ. ಉಳಿದವು ಅಲ್ಲೇ ಚೆನ್ನಾಗಿ ಕೇಳುತ್ತವೆ. ಇದು ಏಕೆ? ಎರಡನೆಯದು, ಗಂಟೆ ಸೂಚಿಸುವ "ಪೀಂ, ಪೀಂ" ಸದ್ದು ಡಿಜಿಟಲ್‌ನಲ್ಲಿ ಎರಡು ಮೂರು ಸೆಕೆಂಡು ತಡವಾಗಿ ಬರುತ್ತದೆ. ಹಳೆಯ ಸೆಟ್ಟನ್ನು ಪಕ್ಕದಲ್ಲಿಟ್ಟು ಹೋಲಿಸಿದ್ದೇನೆ. ಬ್ಯಾಟರಿಯೂ ಡಿಎಬಿಯಲ್ಲಿ ಒಂಬತ್ತು ಗಂಟೆಗೆ ಮುಗಿಯಿತು, ಎಫ್‌ಎಂನಲ್ಲಿ ಹದಿನಾಲ್ಕು ಗಂಟೆ ಬಂತು. ನನ್ನ ಸೆಟ್ಟಿನ ದೋಷವೋ, ಎಲ್ಲರಿಗೂ ಹೀಗೆಯೋ?

ಹಳೆಸೆಟ್ಟು

ಎಲ್ಲರಿಗೂ ಹೀಗೆಯೇ. ಎರಡು ವರ್ಷದ ಹಿಂದೆ ನಾನೂ ಕೊಂಡು, ಮೂರು ವಾರ ಒದ್ದಾಡಿ, ಹಿಂದಿರುಗಿಸಿದೆ.

ಕಂಪನಾಂಕ

ತರಂಗಪ್ರಿಯರೇ, ನಿಮ್ಮ ಸೆಟ್ಟಿನಲ್ಲಿ ದೋಷವಿಲ್ಲ. ಪ್ರಸಾರ ತಂತ್ರಜ್ಞಾನದ ಕೆಲಸದಲ್ಲಿ ಬಹಳ ವರ್ಷ ಇದ್ದವನಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಯಲ್ಲೇ ಇಡೀ ಡಿಎಬಿಯ ಗುಟ್ಟು ಇದೆ.

ಎಫ್‌ಎಂನಲ್ಲಿ ಒಂದು ಕೇಂದ್ರಕ್ಕೆ ಒಂದು ಕಂಪನಾಂಕ. ಡಿಎಬಿಯಲ್ಲಿ ಹಲವು ಕೇಂದ್ರಗಳನ್ನು ಒಂದೇ ಮೂಟೆಯಾಗಿ ಕಟ್ಟಿ ಒಂದೇ ಕಂಪನಾಂಕದಲ್ಲಿ ಕಳುಹಿಸುತ್ತಾರೆ. ಈ ಮೂಟೆಗೆ ಮಲ್ಟಿಪ್ಲೆಕ್ಸ್ ಎಂದು ಹೆಸರು. 174ರಿಂದ 240 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಒಂದೊಂದು ಮೂಟೆಯ ಅಗಲ ಸುಮಾರು 1.5 ಮೆಗಾಹರ್ಟ್ಸ್. ಅದರೊಳಗೆ 1,536 ಸಣ್ಣ ವಾಹಕ ತರಂಗಗಳು ಅಕ್ಕಪಕ್ಕ ನಿಂತು ಹೊರೆಯನ್ನು ಹಂಚಿಕೊಳ್ಳುತ್ತವೆ. ಒಂದೆರಡು ವಾಹಕಗಳು ದಾರಿಯಲ್ಲಿ ಹಾಳಾದರೂ ಉಳಿದವು ತಂದ ಮಾಹಿತಿಯಿಂದ, ಜೊತೆಗೇ ಕಳುಹಿಸಿದ ತಿದ್ದುಪಡಿಯ ಅಂಕಿಗಳ ಸಹಾಯದಿಂದ, ಸೆಟ್ ಮೂಲವನ್ನು ಪೂರ್ತಿಯಾಗಿ ಮರಳಿ ಕಟ್ಟಿಕೊಳ್ಳುತ್ತದೆ. ನೀವು ಕೊಳಲಿನ ಉಸಿರು ಕೇಳಿದ್ದು ಈ ತಿದ್ದುಪಡಿಯ ಬಲದಿಂದ. ಆದರೆ ತಿದ್ದುವುದಕ್ಕೂ ಒಂದು ಮಿತಿಯಿದೆ. ತಪ್ಪುಗಳು ಆ ಗೆರೆ ದಾಟಿದ ಕ್ಷಣ ಸೆಟ್ಟಿಗೆ ಕಟ್ಟಲು ಏನೂ ಉಳಿಯುವುದಿಲ್ಲ, ದನಿ ಕಡಿದುಹೋಗುತ್ತದೆ. ಹಳೆಯ ಡಿಎಬಿ ಪ್ರಸಾರವಾದರೆ ಸಾಯುವ ಮೊದಲು ನೀರೊಳಗಿನಿಂದ ಗುಳುಗುಳು ಎಂದಂತೆ ಕೇಳುತ್ತದೆ. ಡಿಎಬಿ ಪ್ಲಸ್‌ನಲ್ಲಿ ತಿದ್ದುಪಡಿ ಇನ್ನೂ ಬಲವಾಗಿರುವುದರಿಂದ ಹೆಚ್ಚು ಹೊತ್ತು ತಡೆದುಕೊಂಡು ಒಮ್ಮೆಲೇ ನಿಲ್ಲುತ್ತದೆ.

ಒಂದಷ್ಟು ಕೇಂದ್ರಗಳು ಒಟ್ಟಿಗೆ ಮಾಯವಾಗುವುದು ಅವೆಲ್ಲ ಒಂದೇ ಮೂಟೆಯಲ್ಲಿ ಇರುವುದರಿಂದ. ಆ ಮೂಟೆಯ ಸಿಗ್ನಲ್ ನಿಮ್ಮ ಹಾಸಿಗೆಯ ಪಕ್ಕದಲ್ಲಿ ಗೆರೆಯ ಮೇಲೆಯೇ ನಿಂತಿದೆ. ಉಳಿದ ಕೇಂದ್ರಗಳು ಬೇರೆ ಮೂಟೆಯವು, ಪ್ರಾಯಶಃ ಬೇರೆ ಗೋಪುರದಿಂದ ಬರುವಂಥವು. ಮೆನುವಿನಲ್ಲಿ ಸಿಗ್ನಲ್ ಮಟ್ಟ ತೋರಿಸುವ ಪುಟ ಇರುತ್ತದೆ. ಎರಡೂ ಬಗೆಯ ಕೇಂದ್ರಗಳಲ್ಲಿ ಅದನ್ನು ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ದನಿ ಕೇಳಿ ಸಿಗ್ನಲ್ ಅಳೆಯುವ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ದನಿ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ.

ಈಗ ಮಾಡಬೇಕಾದ ಎರಡು ಕೆಲಸ. ಆಂಟೆನಾ ಕಡ್ಡಿಯನ್ನು ನೆಟ್ಟಗೆ, ಲಂಬವಾಗಿ ನಿಲ್ಲಿಸಿ. ಡಿಎಬಿ ತರಂಗಗಳನ್ನು ಸಾಮಾನ್ಯವಾಗಿ ಲಂಬವಾಗಿಯೇ ಕಳುಹಿಸುತ್ತಾರೆ. ಕಡ್ಡಿಯನ್ನು ಪೂರ್ತಿ ಎಳೆಯುವುದೂ ಬೇಡ. ಎಫ್‌ಎಂಗೆ ಮುಕ್ಕಾಲು ಮೀಟರಿನಷ್ಟು ಉದ್ದ ಸರಿ, ಆದರೆ ಈ ಪಟ್ಟಿಯಲ್ಲಿ ತರಂಗದ ಉದ್ದವೇ ಕಡಿಮೆ. ಅದರ ಕಾಲುಭಾಗವೆಂದರೆ 31ರಿಂದ 43 ಸೆಂಟಿಮೀಟರ್. ಆ ಸುತ್ತಮುತ್ತ ಒಂದೊಂದೇ ಗೆಣ್ಣು ಒಳಗೆ ತಳ್ಳಿ ನೋಡಿ. ಹಾಗೆಯೇ ಹಾಸಿಗೆಯ ಪಕ್ಕದಲ್ಲಿ ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ ಏನಾದರೂ ಇದೆಯೇ? ಅವುಗಳಲ್ಲಿ ಕೆಲವು ಹೊರಸೂಸುವ ವಿದ್ಯುತ್ ಗದ್ದಲ ಇದೇ ಪಟ್ಟಿಯ ಮೇಲೂ ಬೀಳುತ್ತದೆ.

ಓಡಾಟ

ಜೇಬಿನಲ್ಲಿಟ್ಟುಕೊಂಡು ನಡೆಯುವವರಿಗೆ ಒಂದು ಮಾತು. ಕಡ್ಡಿ ಇಲ್ಲದ ಪುಟ್ಟ ಸೆಟ್ಟುಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿ ಸುತ್ತಿ ಜೇಬಿಗೆ ತುರುಕಿದರೆ ಕೇಂದ್ರ ಹೋಗುತ್ತದೆ. ನೇರವಾಗಿ ಇಳಿಬಿಟ್ಟರೆ ಬರುತ್ತದೆ. ಇದು ಗೊತ್ತಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಇನ್ನೊಂದು, ಪ್ರಯಾಣದಲ್ಲಿ ಡಿಎಬಿ ನನಗೆ ಬಹಳ ಇಷ್ಟವಾಗಿದೆ. ಎಫ್‌ಎಂನಲ್ಲಿ ಅರ್ಧ ಗಂಟೆಗೊಮ್ಮೆ ಅದೇ ಕೇಂದ್ರವನ್ನು ಬೇರೆ ಕಂಪನಾಂಕದಲ್ಲಿ ಹುಡುಕುತ್ತಿದ್ದೆ. ಡಿಎಬಿಯಲ್ಲಿ ದಾರಿಯುದ್ದಕ್ಕೂ ಒಂದನ್ನೇ ಕೇಳುತ್ತಾ ಬಂದೆ, ಸೆಟ್ ಮುಟ್ಟಲೇ ಇಲ್ಲ. ಇದು ಹೇಗೆ ಸಾಧ್ಯ ಎಂದು ಕಂಪನಾಂಕರು ಹೇಳಿದರೆ ಸಂತೋಷ.

ಕಂಪನಾಂಕ

ಡಿಎಬಿಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದೇ ಇದು. ಎಫ್‌ಎಂನಲ್ಲಿ ಅಕ್ಕಪಕ್ಕದ ಎರಡು ಗೋಪುರಗಳು ಒಂದೇ ಕಂಪನಾಂಕ ಬಳಸಿದರೆ ನಡುವೆ ಇರುವವರಿಗೆ ಎರಡೂ ಕಲಸಿಹೋಗುತ್ತವೆ. ಡಿಎಬಿಯಲ್ಲಿ ಹತ್ತಾರು ಗೋಪುರಗಳು ಒಂದೇ ಮೂಟೆಯನ್ನು, ಒಂದೇ ಕಂಪನಾಂಕದಲ್ಲಿ, ಕರಾರುವಾಕ್ಕಾಗಿ ಒಂದೇ ಹೊತ್ತಿಗೆ ಕಳುಹಿಸಬಹುದು. ಪ್ರತಿಯೊಂದು ಸಂಕೇತಕ್ಕೂ 246 ಮೈಕ್ರೊಸೆಕೆಂಡಿನ ಒಂದು ಕಾಪು ಅವಧಿ, ಅಂದರೆ ತಡವಾಗಿ ಬರುವ ತರಂಗಕ್ಕಾಗಿ ಬಿಟ್ಟ ಬಿಡುವು, ಇಟ್ಟಿದ್ದಾರೆ. ಅಷ್ಟು ಹೊತ್ತಿನಲ್ಲಿ ರೇಡಿಯೊ ತರಂಗ ಸುಮಾರು 74 ಕಿಲೋಮೀಟರ್ ಸಾಗುತ್ತದೆ. ಹತ್ತಿರದ ಗೋಪುರದ್ದು ಮೊದಲು, ದೂರದ್ದು ಆಮೇಲೆ ಬಂದರೂ ಅವುಗಳ ದಾರಿಯ ವ್ಯತ್ಯಾಸ ಈ ಅಳತೆಯೊಳಗಿದ್ದರೆ ಎರಡೂ ಸೇರಿ ಒಂದಕ್ಕೊಂದು ಬಲ ಕೊಡುತ್ತವೆ. ಬೆಟ್ಟಕ್ಕೋ ಕಟ್ಟಡಕ್ಕೋ ಬಡಿದು ಬರುವ ಪ್ರತಿಫಲನಗಳೂ ಹಾಗೆಯೇ. ಓಡಾಟರು ಸೆಟ್ ಮುಟ್ಟದೆ ಕೇಳಿದ್ದು ಒಂದು ಗೋಪುರವನ್ನಲ್ಲ, ದಾರಿಯುದ್ದಕ್ಕೂ ಕೈ ಬದಲಾಯಿಸುತ್ತಾ ಹೋದ ಹಲವು ಗೋಪುರಗಳನ್ನು.

ಗಂಟೆಯ ಸದ್ದು ತಡವಾಗುವುದಕ್ಕೂ ಕಾರಣ ಹತ್ತಿರದ್ದೇ. ಧ್ವನಿಯನ್ನು ಸಂಕುಚಿಸಬೇಕು, ಮೂಟೆ ಕಟ್ಟಬೇಕು, ಒಂದೇ ಹೊಡೆತಕ್ಕೆ ಎಲ್ಲವೂ ಹಾಳಾಗದಿರಲಿ ಎಂದು ಅಂಕಿಗಳನ್ನು ಕಾಲದಲ್ಲಿ ಹರಡಬೇಕು, ಸೆಟ್ ಅದನ್ನೆಲ್ಲ ಬಿಚ್ಚಿ ಜೋಡಿಸಬೇಕು. ಪ್ರತಿ ಹಂತವೂ ಸ್ವಲ್ಪ ಸಮಯ ನುಂಗುತ್ತದೆ. ಬ್ಯಾಟರಿ ಬೇಗ ಮುಗಿಯುವುದೂ ಈ ಬಿಚ್ಚುವ ಕೆಲಸದಿಂದಲೇ. ಡಿಜಿಟಲ್ ಕೇಂದ್ರವನ್ನು ಇಟ್ಟುಕೊಂಡು ಗಡಿಯಾರ ಸರಿಮಾಡಬೇಡಿ. ಎರಡು ಬೇರೆ ಮಾದರಿಯ ಡಿಜಿಟಲ್ ಸೆಟ್ಟುಗಳನ್ನು ಒಂದೇ ಮನೆಯಲ್ಲಿ ಹಚ್ಚಿದರೂ ಒಂದರ ಹಿಂದೆ ಒಂದು ಪ್ರತಿಧ್ವನಿಯಂತೆ ಕೇಳಬಹುದು.

ಹಳೆಸೆಟ್ಟು

ಇಷ್ಟೆಲ್ಲ ಚಂದದ ಲೆಕ್ಕಾಚಾರದ ನಡುವೆ ಕಿವಿಯ ಮಾತೂ ಒಂದಿಷ್ಟು ಬರಲಿ. ನಾನು ಸೆಟ್ ಹಿಂದಿರುಗಿಸಿದ್ದು ಸಿಗ್ನಲ್ ಸಿಗದೆ ಅಲ್ಲ. ಸಿಗ್ನಲ್ ಪೂರ್ತಿ ಇದ್ದಾಗಲೂ ಸಂಗೀತ ಒಣಗಿದಂತೆ ಕೇಳುತ್ತಿತ್ತು. ಕಛೇರಿಯ ಕೊನೆಯಲ್ಲಿ ಸಭಿಕರ ಚಪ್ಪಾಳೆ ಬಂದರೆ ಕಾಗದ ಹರಿದಂತೆ ಸದ್ದು. ಎಫ್‌ಎಂನಲ್ಲಿ ಅದೇ ಚಪ್ಪಾಳೆ ಚಪ್ಪಾಳೆಯಾಗಿಯೇ ಇತ್ತು, ಸ್ವಲ್ಪ ಗರಗರದೊಂದಿಗೆ. ಗರಗರವನ್ನು ನಾನು ಸಹಿಸಬಲ್ಲೆ. ಸಂಗೀತದಿಂದ ಏನನ್ನೋ ಕಿತ್ತುಹಾಕಿದ್ದಾರೆ ಎಂಬ ಭಾವನೆಯನ್ನು ಸಹಿಸಲಾರೆ.

ಇನ್ನೊಂದು ಕಳವಳವೂ ಇದೆ. ನಾರ್ವೆ 2017ರ ಜನವರಿ 11ರಂದು ರಾಷ್ಟ್ರೀಯ ಕೇಂದ್ರಗಳ ಎಫ್‌ಎಂ ಪ್ರಸಾರ ನಿಲ್ಲಿಸಲು ಆರಂಭಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಗಿಸಿತು. ಎಫ್‌ಎಂನಲ್ಲಿ ಉಳಿದದ್ದು ಮುಖ್ಯವಾಗಿ ಸಣ್ಣ ಸ್ಥಳೀಯ ಕೇಂದ್ರಗಳು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಷ್ಟು ಸೆಟ್ಟುಗಳು ಆ ವರ್ಷ ಮೂಲೆ ಸೇರಿರಬೇಕು! ನನ್ನ ತಂದೆ ಬಳಸಿದ ಸೆಟ್ ಇನ್ನೂ ಹಾಡುತ್ತಿದೆ. ಅದು ಒಂದು ದಿನ ಸರ್ಕಾರಿ ಆದೇಶದಿಂದ ಮೂಕವಾಗುವುದನ್ನು ನೆನೆದರೆ ಸಂಕಟವಾಗುತ್ತದೆ.

ಕಂಪನಾಂಕ

ಹಳೆಸೆಟ್ಟು ಅವರೇ, ನಿಮ್ಮ ಕಿವಿ ತಪ್ಪು ಹೇಳುತ್ತಿಲ್ಲ. ಚಪ್ಪಾಳೆ ಎಲ್ಲ ಸಂಕುಚನ ವಿಧಾನಗಳಿಗೂ ಕಠಿಣ ಪರೀಕ್ಷೆ. ಸಾವಿರಾರು ಚಿಕ್ಕ ಚಿಕ್ಕ ಹೊಡೆತಗಳಿಗೆ ಯಾವ ಕ್ರಮವೂ ಇರುವುದಿಲ್ಲ, ಹಾಗಾಗಿ ಸಂಕುಚಿಸಲು ಹಿಡಿತ ಸಿಗುವುದಿಲ್ಲ.

ಆದರೆ ತಪ್ಪನ್ನು ಡಿಜಿಟಲ್ ಎಂಬ ವಿಧಾನದ ಮೇಲೆ ಹೊರಿಸುವ ಮೊದಲು ಪ್ರಸಾರಕರು ಎಷ್ಟು ಜಾಗ ಕೊಟ್ಟಿದ್ದಾರೆ ನೋಡಿ. ಬಿಬಿಸಿ 1995ರಲ್ಲಿ ಡಿಎಬಿ ಪ್ರಸಾರ ಆರಂಭಿಸಿದಾಗ ಇದ್ದದ್ದು ಎಂಪಿ2 ಎಂಬ ಸಂಕುಚನ. 2007ರಲ್ಲಿ ಡಿಎಬಿ ಪ್ಲಸ್ ಬಂದು ಎಎಸಿ ಎಂಬ ಇನ್ನೊಂದು ಸಂಕುಚನದ ಸುಧಾರಿತ ರೂಪವನ್ನು ತಂದಿತು, ಅರ್ಧದಷ್ಟು ಜಾಗದಲ್ಲೇ ಹೋಲುವಂಥ ಗುಣಮಟ್ಟ ಸಾಧ್ಯವಾಯಿತು. ಸಾಮಾನ್ಯ ರಕ್ಷಣೆಯ ಮಟ್ಟದಲ್ಲಿ ಒಂದು ಮೂಟೆಗೆ ಸೆಕೆಂಡಿಗೆ 1,152 ಕಿಲೋಬಿಟ್ ಮಾಹಿತಿ ಹಿಡಿಸುತ್ತದೆ. ಒಂದೊಂದಕ್ಕೆ 128 ಕೊಟ್ಟರೆ ಒಂಬತ್ತು ಕೇಂದ್ರಗಳು, 64 ಕೊಟ್ಟರೆ ಹದಿನೆಂಟು. ಇನ್ನೂ ಕಡಿಮೆ ಕೊಟ್ಟು ಇನ್ನೂ ಹೆಚ್ಚು ಕೇಂದ್ರಗಳನ್ನು ತುರುಕುವವರಿದ್ದಾರೆ. ತೀರಾ ಕಡಿಮೆಯಾದಾಗ ಎತ್ತರದ ಸ್ವರಗಳನ್ನು ಕಳುಹಿಸುವುದೇ ಇಲ್ಲ, ಅವು ಹೇಗಿದ್ದವು ಎಂಬ ಸುಳಿವು ಮಾತ್ರ ಹೋಗುತ್ತದೆ. ಸೆಟ್ ಆ ಸುಳಿವಿನಿಂದ ಅವನ್ನು ಹೊಸದಾಗಿ ಕಟ್ಟುತ್ತದೆ. ಮಾತಿಗೆ ಇದು ಸಾಕು. ಕೊಳಲಿಗೆ ಸಾಲದು. ಪರದೆಯ ಮಾಹಿತಿ ಪುಟದಲ್ಲಿ ಕಿಲೋಬಿಟ್ ಸಂಖ್ಯೆ ಕಾಣುತ್ತದೆ. ಕಡಿಮೆ ಸಂಖ್ಯೆಯಲ್ಲಿ ಸಂಗೀತ ಕೇಳಿಸುವ ಕೇಂದ್ರಗಳಿಗೆ ಕೇಳುಗರು ಪತ್ರ ಬರೆಯಬೇಕು. ನಾನು ಬರೆದಿದ್ದೇನೆ.

ನಿಮ್ಮ ತಂದೆಯವರ ಸೆಟ್ಟಿನ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ. ಎಫ್‌ಎಂ ನಿಲ್ಲಿಸುವುದನ್ನು ನಾನೂ ಒಪ್ಪುವುದಿಲ್ಲ.

ಮಧ್ಯಮತರಂಗ

ಚರ್ಚೆ ಪೂರ್ತಿ ಡಿಎಬಿಯ ಸುತ್ತಲೇ ನಡೆದಿರುವುದರಿಂದ ಕೊಳ್ಳಲು ಹೊರಟವರಿಗೊಂದು ಎಚ್ಚರಿಕೆ. ಪೆಟ್ಟಿಗೆಯ ಮೇಲಿನ "ಡಿಜಿಟಲ್ ರೇಡಿಯೊ" ಎಂಬ ಪದವನ್ನಷ್ಟೇ ನೋಡಿ ದುಡ್ಡು ಕೊಡಬೇಡಿ. ಅಂಕಿ ತೋರಿಸುವ ಪರದೆ ಇದ್ದು, ಒಳಗೆ ಹಿಡಿಯುವುದು ಬರೀ ಎಫ್‌ಎಂ ಮತ್ತು ಮಧ್ಯಮ ತರಂಗ ಆಗಿರುವ ಸೆಟ್ಟುಗಳನ್ನೂ ಡಿಜಿಟಲ್ ಎಂದೇ ಮಾರುತ್ತಾರೆ. ನಿಜವಾದ ಡಿಜಿಟಲ್ ಪ್ರಸಾರದಲ್ಲೂ ಬೇರೆ ಬೇರೆ ಪದ್ಧತಿಗಳಿವೆ. ಯುರೋಪಿನ ಬಹುಭಾಗದಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಡಿಎಬಿ ಪ್ಲಸ್, ಅಮೆರಿಕದಲ್ಲಿ ಎಚ್‌ಡಿ ರೇಡಿಯೊ. ಭಾರತದ ಆಕಾಶವಾಣಿ ಮಧ್ಯಮ ತರಂಗದಲ್ಲಿ ಆರಿಸಿಕೊಂಡದ್ದು ಡಿಆರ್‌ಎಂ. ಒಂದಕ್ಕೆ ಮಾಡಿದ ಸೆಟ್ ಇನ್ನೊಂದನ್ನು ಹಿಡಿಯುವುದಿಲ್ಲ.

ನನ್ನ ಮನಸ್ಸು ಡಿಆರ್‌ಎಂ ಕಡೆಗೆ. ಮಧ್ಯಮ ತರಂಗದ 9 ಅಥವಾ 10 ಕಿಲೋಹರ್ಟ್ಸ್ ಅಗಲದ ಹಳೆಯ ಓಣಿಯಲ್ಲೇ ಅದು ನಡೆಯುತ್ತದೆ, ಗಡಿ ದಾಟುವ ಕಿರುತರಂಗದಲ್ಲೂ ನಡೆಯುತ್ತದೆ. ರಾತ್ರಿ ದೂರದ ಕೇಂದ್ರವೊಂದು ಗುಡುಗು ಸಿಡಿಲಿನ ಚಟಪಟ ಇಲ್ಲದೆ, ಪಕ್ಕದ ಕೋಣೆಯಿಂದ ಬಂದಂತೆ ಕೇಳಿದ ದಿನ ನಾನು ನಿದ್ದೆ ಮಾಡಲಿಲ್ಲ. ಸಿಗ್ನಲ್ ಏರಿಳಿದಾಗ ದನಿ ಕಡಿಯುವುದು ಮಾತ್ರ ಅಲ್ಲೂ ಇದೆ.

ಬೆರಳಕಣ್ಣು

ನಮಸ್ಕಾರ. ನನಗೆ ದೃಷ್ಟಿ ಇಲ್ಲ. ತರಂಗಪ್ರಿಯರು "ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಿರುತ್ತಿತ್ತು" ಎಂದು ಬರೆದದ್ದನ್ನು ಮೊಬೈಲ್ ಓದಿ ಹೇಳಿದಾಗ ಇದು ನನ್ನದೇ ಮಾತು ಅನಿಸಿತು.

ಇಲ್ಲಿ ಎಲ್ಲರೂ ಪರದೆ ನೋಡಿ, ಪುಟ ನೋಡಿ, ಸಂಖ್ಯೆ ನೋಡಿ ಎನ್ನುತ್ತಿದ್ದೀರಿ. ರೇಡಿಯೊ ಎಂದರೆ ನಮ್ಮಂಥವರಿಗೆ ಯಾರ ಸಹಾಯವನ್ನೂ ಬೇಡದ ವಸ್ತುವಾಗಿತ್ತು. ಕಿವಿ ಹಿಂಡಿದರೆ ಮಾತನಾಡುತ್ತಿತ್ತು. ಎಡತುದಿಯಿಂದ ಮೂರು ಬೆರಳಿನಷ್ಟು ತಿರುಗಿಸಿದರೆ ವಾರ್ತೆ, ಇನ್ನರ್ಧ ಸುತ್ತಿಗೆ ಸಂಗೀತ. ಈಗ 43 ಹೆಸರುಗಳ ಪಟ್ಟಿ ಇದೆಯಂತೆ, ಅದರಲ್ಲಿ ನಾನು ಎಲ್ಲಿ ನಿಂತಿದ್ದೇನೆ ಎಂದು ಹೇಳುವವರು ಯಾರು? ಪರಿಚಯದವರ ಸೆಟ್ ಒಂದನ್ನು ಹಿಡಿದು ನೋಡಿದೆ. ಗುಂಡಿಗಳೆಲ್ಲ ಒಂದೇ ಆಕಾರ, ಒಂದೇ ಸಾಲು. ಏನನ್ನೋ ಒತ್ತಿದೆ, ಭಾಷೆಯ ಮೆನುವಿಗೆ ಹೋಗಿ ಸಿಕ್ಕಿಕೊಂಡಿತು. ಗರಗರವೂ ಇಲ್ಲದ ಮೌನದಲ್ಲಿ ಸೆಟ್ ಚಾಲೂ ಇದೆಯೋ ಆರಿದೆಯೋ ಎಂಬುದೂ ನನಗೆ ತಿಳಿಯಲಿಲ್ಲ. ನಿಮಗೆ ಹಿತವಾದ ಆ ನಿಶ್ಶಬ್ದ ನನಗೆ ಕತ್ತಲೆಯಂತೆ ಇತ್ತು.

ಮೆನುವನ್ನು ಓದಿ ಹೇಳುವ ಸೆಟ್ಟುಗಳೂ ಇವೆ ಎಂದು ಬಲ್ಲೆ. ಆದರೆ ಎಲ್ಲ ಸೆಟ್ಟುಗಳಲ್ಲೂ ನಾಲ್ಕು ಗುಂಡಿಗಳನ್ನು ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುವಂತೆ ಮಾಡಲು ಏನು ಕಷ್ಟ? ತರಂಗಪ್ರಿಯರೇ, ನಿಮ್ಮ ಸೆಟ್ಟಿನ ಮೈ ಹೇಗಿದೆ ಎಂದು ವಿವರಿಸುತ್ತೀರಾ? ನೋಡಿ ಅಲ್ಲ, ಮುಟ್ಟಿ.

ತರಂಗಪ್ರಿಯ

ಎಲ್ಲರಿಗೂ ವಂದನೆ. ಮೊದಲು ಹಾಸಿಗೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಮಾಯವಾಗುತ್ತಿದ್ದ ಹನ್ನೊಂದು ಕೇಂದ್ರಗಳೂ ಒಂದೇ ಮೂಟೆಯವು, ಮಾಹಿತಿ ಪುಟದಲ್ಲಿ ಒಂದೇ ಹೆಸರು ಬಂತು. ಕಡ್ಡಿಯನ್ನು ನೆಟ್ಟಗೆ ಮಾಡಿ ಅಳತೆಪಟ್ಟಿ ಹಿಡಿದು 38 ಸೆಂಟಿಮೀಟರಿಗೆ ಇಳಿಸಿದೆ, ಸಿಗ್ನಲ್ ಸ್ವಲ್ಪ ಏರಿತು. ತಲೆದಿಂಬಿನ ಬಳಿ ಹಗಲಿರುಳು ಸಿಕ್ಕಿಸಿಯೇ ಇರುತ್ತಿದ್ದ ಚಾರ್ಜರನ್ನು ಕಿತ್ತೆ. ಎರಡು ಗೆರೆ ಇದ್ದದ್ದು ಐದಕ್ಕೆ ನೆಗೆಯಿತು. ಮತ್ತೆ ಸಿಕ್ಕಿಸಿದೆ, ದನಿ ಹೋಯಿತು. ಕಿತ್ತೆ, ಬಂತು. ನಾಲ್ಕು ಸಲ ಮಾಡಿ ನೋಡಿದ ಮೇಲೆಯೇ ನಂಬಿದೆ.

ಹಳೆಸೆಟ್ಟು ಅವರ ಮಾತು ಕಾಡಿದ್ದರಿಂದ ಕಿಲೋಬಿಟ್ ಸಂಖ್ಯೆಗಳನ್ನೂ ಬರೆದುಕೊಂಡೆ. ನನ್ನ ಕೊಳಲಿನ ಕೇಂದ್ರದ್ದು 112. ಹಾಡುಗಳನ್ನಷ್ಟೇ ಹಾಕುವ ಇನ್ನೊಂದರದ್ದು 32. ಎರಡನೆಯದರಲ್ಲಿ ಚಪ್ಪಾಳೆ ಬಂದಾಗ ಕಾಗದ ಹರಿದದ್ದು ನನಗೂ ಕೇಳಿತು.

ಬೆರಳಕಣ್ಣು ಅವರೇ, ನಿಮ್ಮ ಪ್ರಶ್ನೆ ಬಂದ ಮೇಲೆ ನಿನ್ನೆ ರಾತ್ರಿ ದೀಪ ಆರಿಸಿ ಒಂದು ಗಂಟೆ ಸೆಟ್ ಹಿಡಿದು ಕುಳಿತೆ. ಮುಟ್ಟಿ ತಿಳಿದದ್ದು ಇಷ್ಟು. ಬಲಬದಿಯಲ್ಲಿ ಧ್ವನಿಯ ಚಕ್ರ, ಅಂಚಿನಲ್ಲಿ ಗೀರುಗಳಿವೆ. ಒಳಗೆ ಒತ್ತಿದರೆ ಸೆಟ್ ಆರುತ್ತದೆ, ಒತ್ತಿದಾಗ ಟಕ್ ಎನ್ನುತ್ತದೆ. ಮೇಲ್ಭಾಗದಲ್ಲಿ ಐದು ಗುಂಡಿಗಳು. ನಡುವಿನ ಒಂದಕ್ಕೆ ಮಾತ್ರ ಸಣ್ಣ ಉಬ್ಬು ಇದೆ, ಅದು ಮೂರನೆಯ ನೆಚ್ಚಿನ ಕೇಂದ್ರ. ಅದರ ಎಡಕ್ಕೆ ಎರಡು, ಬಲಕ್ಕೆ ಎರಡು. ಹೀಗಾಗಿ ಐದು ಕೇಂದ್ರಗಳನ್ನು ಕಣ್ಣು ಮುಚ್ಚಿ ಹಾಕಬಲ್ಲೆ, ಒತ್ತಿ ಎರಡು ಸೆಕೆಂಡು ಕಾಯಬೇಕು. ಮುಂಭಾಗ ಮಾತ್ರ ಸೋಲಿಸಿತು. ಪರದೆಯ ಕೆಳಗಿನ ನಾಲ್ಕು ಗುಂಡಿಗಳು ನುಣುಪಾಗಿ, ಮೈಮಟ್ಟಕ್ಕೆ ಕೂತಿವೆ. ಯಾವುದು ಮೆನು, ಯಾವುದು ಹುಡುಕಾಟ ಎಂದು ಬೆರಳಿಗೆ ತಿಳಿಯಲೇ ಇಲ್ಲ. ನಾನೂ ಭಾಷೆಯ ಮೆನುವಿಗೆ ಹೋಗಿ ಸಿಕ್ಕಿಕೊಂಡೆ, ದೀಪ ಹಾಕಿಯೇ ಹೊರಬಂದೆ.

ಮೊದಲ ಬಾರಿ ಯಾರಾದರೂ ಐದು ಕೇಂದ್ರಗಳನ್ನು ಕೂರಿಸಿಕೊಟ್ಟರೆ ಆಮೇಲೆ ಮುಂಭಾಗ ಮುಟ್ಟದೆಯೇ ನಡೆಯುತ್ತದೆ. ಆ ನಾಲ್ಕು ಗುಂಡಿಗಳ ಬಗ್ಗೆ ತಯಾರಕರಿಗೆ ಈ ಬೆಳಿಗ್ಗೆ ಪತ್ರ ಬರೆದೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಬೆರಳಕಣ್ಣು

ಮೊದಲನೆಯ ಗುಂಡಿಗೆ ಆ ಕೊಳಲಿನ ಕೇಂದ್ರವನ್ನೇ ಹಾಕಿಸಿಕೊಳ್ಳುತ್ತೇನೆ. ಅದರ ಹೆಸರು ತಿಳಿಸಿ.